ಹೊಸ .22 ರೈಫಲ್ ಕೈಕೊಟ್ಟರೆ: ಖಾಲಿ ತೋಟಾ ನೋಡಿ ತಪ್ಪು ಹುಡುಕುವುದು

ಹೊಸ ಪಾಯಿಂಟ್ ಟೂಟೂ (.22, ಅಂದರೆ ಚಿಕ್ಕ ಗುಂಡಿನ) ರೈಫಲ್ ತಂದವರ ದೂರು ಹೆಚ್ಚುಕಮ್ಮಿ ಮೂರೇ. ಟ್ರಿಗರ್ ಎಳೆದರೆ ‘ಟಿಕ್’ ಅನ್ನುತ್ತದೆ, ಈಡು ಹೋಗುವುದಿಲ್ಲ. ಈಡು ಹೋದರೆ ಖಾಲಿ ತೋಟಾ ಹೊರಗೆ ಬರುವುದಿಲ್ಲ. ಅದೂ ಬಂತು ಅಂದರೆ ತೋಟಾ ತುಂಬಿಡುವ ಮ್ಯಾಗಜಿನ್‌ನಿಂದ ಮುಂದಿನ ತೋಟಾ ಒಳಗೆ ಹೋಗುವುದಿಲ್ಲ. ಇಷ್ಟಾದ ಕೂಡಲೇ ಕೋವಿಯೇ ಸರಿ ಇಲ್ಲ ಅಂತ ತೀರ್ಮಾನ ಮಾಡಿ, ಯಾರೋ ಹೇಳಿದರು ಅಂತ ಸ್ಪ್ರಿಂಗ್ ಬದಲಾಯಿಸಲು ಓಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊಡೆಯದೇ ಉಳಿದ ಆ ತೋಟಾವನ್ನು ಎಸೆಯದೆ ಜೋಪಾನವಾಗಿ ಇಟ್ಟುಕೊಳ್ಳಿ. ತಪ್ಪು ಎಲ್ಲಿದೆ ಅನ್ನುವುದು ಅದರ ಹಿಂಬದಿಯಲ್ಲೇ ಇರುತ್ತದೆ.

ನಾನು ಸೇನೆಯಲ್ಲಿ ಆರ್ಮರರ್, ಅಂದರೆ ಕೋವಿಗಳನ್ನು ರಿಪೇರಿ ಮಾಡುವವನಾಗಿದ್ದೆ. ಈಗ ವಿರಾಜಪೇಟೆ ಕಡೆ ಎಸ್ಟೇಟ್ ನೋಡಿಕೊಂಡು, ಬಿಡುವಾದಾಗ ರೇಂಜ್‌ಗೆ ಹೋಗಿ ಹುಡುಗ ಹುಡುಗಿಯರಿಗೆ ಕೋವಿ ಕ್ಲೀನ್ ಮಾಡುವುದನ್ನು ಹೇಳಿಕೊಡುತ್ತೇನೆ. ಸೆಪ್ಟೆಂಬರ್ ಮೊದಲ ವಾರ ನಮ್ಮ ಕೊಡಗಿನಲ್ಲಿ ಕೈಲ್ ಪೊಳ್ದ್, ಆಯುಧ ಪೂಜೆಯ ಹಬ್ಬ. ಅದರ ಸುತ್ತಮುತ್ತ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹೊಸ ರೈಫಲ್‌ಗಳು ಆಗಲೇ ಪೆಟ್ಟಿಗೆಯಿಂದ ಹೊರಗೆ ಬರುವುದು, ಅದೂ ಮಳೆಗಾಲದ ನಡುವೆ. ತೊಂದರೆ ಶುರುವಾಗುವುದೂ ಆಗಲೇ. ಈ ಬರಹ ಬೋಲ್ಟ್ ಆ್ಯಕ್ಷನ್ .22 ರೈಫಲ್ ಇಟ್ಟುಕೊಂಡವರಿಗೆ. ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟನ್ನು ಪ್ರತಿ ಈಡಿಗೂ ಹಿಡಿ ಹಿಡಿದು ಕೈಯಿಂದಲೇ ಹಿಂದೆ ಮುಂದೆ ಎಳೆಯುವ ರೈಫಲ್. ನಮ್ಮ ಕಡೆ ಹೆಚ್ಚಾಗಿ ಇರುವುದು ಅದೇ.

ಅಮೆರಿಕದವರು ಹೊಸ ರೈಫಲ್‌ಗೆ ಕೊಡುವ ಸಲಹೆ ಸುಲಭ: ನಾಲ್ಕೈದು ಬಗೆಯ ತೋಟಾ ತಂದು ಐನೂರು ಈಡು ಹೊಡೆಯಿರಿ, ತಾನಾಗೇ ಸರಿಹೋಗುತ್ತದೆ. ಅಲ್ಲಿ ತೋಟಾ ದಿನಸಿ ಸಾಮಾನಿನ ಹಾಗೆ ಸಿಗುತ್ತದೆ. ನಮ್ಮಲ್ಲಿ ಕೊಂಡ ತೋಟಾಗಳ ಲೆಕ್ಕ ಲೈಸೆನ್ಸ್ ಪುಸ್ತಕದಲ್ಲಿ ಬೀಳುತ್ತದೆ. ಎಷ್ಟು ಕೊಳ್ಳಬಹುದು ಅನ್ನುವುದಕ್ಕೂ ಮಿತಿ ಇದೆ. ಆದ್ದರಿಂದ ಸುಮ್ನೆ ಹೊಡೆದು ನೋಡೋಣ ಅನ್ನುವ ದಾರಿ ನಮಗಿಲ್ಲ. ಒಂದೊಂದು ತೋಟಾವೂ ಒಂದೊಂದು ಪ್ರಶ್ನೆಗೆ ಉತ್ತರ ಕೊಡಬೇಕು. ಅದಕ್ಕಾಗಿ ಒಂದು ಸಲಕ್ಕೆ ಒಂದೇ ಒಂದನ್ನು ಬದಲಾಯಿಸಿ. ಎಣ್ಣೆ, ತೋಟಾ, ಮ್ಯಾಗಜಿನ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಕೋವಿ ಸರಿಹೋದರೂ ಯಾವುದರಿಂದ ಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ವರ್ಷ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಶುರು ಮಾಡುವ ಮುಂಚೆ

ಲೈಸೆನ್ಸೋ, ಅದರ ಬದಲು ಕೊಡಗಿನಲ್ಲಿ ಕೆಲವರಿಗೆ ಸಿಗುವ ವಿನಾಯಿತಿ ಪತ್ರವೋ, ಯಾವುದಿದ್ದರೂ ಕೋವಿಯ ನಂಬರ್ ಅದರಲ್ಲಿ ಸರಿಯಾಗಿ ಬಿದ್ದಿದೆಯಾ ನೋಡಿ. ಪರೀಕ್ಷೆಯನ್ನು ರೇಂಜ್‌ನಲ್ಲೇ ಮಾಡಿ. ಗದ್ದೆ ಬದಿಯಲ್ಲಿ, ಎಸ್ಟೇಟ್ ಅಂಚಲ್ಲಿ ಬೇಡ. ಇಷ್ಟು ಚಿಕ್ಕ ಗುಂಡೂ ಒಂದೂವರೆ ಕಿಲೋಮೀಟರ್ ದೂರ ಹೋಗಬಲ್ಲದು.

ಟ್ರಿಗರ್ ಎಳೆದಾಗ ಈಡು ಹೋಗದಿದ್ದರೆ ಬೋಲ್ಟ್ ತೆಗೆಯುವ ಅವಸರ ಬೇಡ. ನಳಿಗೆಯನ್ನು ಗುರಿಯ ಕಡೆಗೇ ಇಟ್ಟು 30 ಸೆಕೆಂಡ್ ಕಾಯಿರಿ. ಮದ್ದು ತಡವಾಗಿ ಹತ್ತಿಕೊಳ್ಳುವುದು ಅಪರೂಪ, ಆದರೆ ಆಗುವುದುಂಟು. ಈಡಿನ ಸದ್ದು ಮಾಮೂಲಿಗಿಂತ ಮೆತ್ತಗೆ, ‘ಬುಸ್’ ಅಂತ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಬೋಲ್ಟ್ ಹೊರಗೆ ತೆಗೆದು, ಹಿಂದಿನಿಂದ ರಾಡ್ ಹಾಕಿ ನಳಿಗೆ ಖಾಲಿ ಇದೆಯಾ ನೋಡಿದ ಮೇಲೇ ಮುಂದಿನ ಮಾತು. ಸಿಕ್ಕಿಕೊಂಡ ಗುಂಡಿನ ಹಿಂದೆ ಇನ್ನೊಂದು ಈಡು ಹೊಡೆದರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು. ಕಣ್ಣಿಗೆ ಕನ್ನಡಕ ಇರಲಿ. ರಿಮ್‌ಫೈರ್ ತೋಟಾದ, ಅಂದರೆ ಪಿನ್ ಹಿಂಬದಿಯ ಅಂಚಿಗೆ (ರಿಮ್) ಬಡಿಯುವ ಈ .22 ತೋಟಾದ, ತಗಡು ತೆಳ್ಳಗಿರುತ್ತದೆ. ರಿಮ್ ಒಡೆದರೆ ಬಿಸಿ ಗಾಳಿ ಹಿಂದಕ್ಕೆ, ಮುಖದ ಕಡೆಗೆ ಬರುತ್ತದೆ.

ಮೊದಲು ಫ್ಯಾಕ್ಟರಿ ಗ್ರೀಸ್ ತೆಗೆಯಿರಿ

ಹೊಸ ರೈಫಲ್ ಕ್ಲೀನ್ ಆಗೇ ಇರುತ್ತದೆ ಅಂತ ಅಂದುಕೊಳ್ಳುವವರು ಜಾಸ್ತಿ. ನೋಡಲು ಹೌದು. ಆದರೆ ಅಂಗಡಿಯಲ್ಲಿ ತಿಂಗಳುಗಟ್ಟಲೆ ನಿಂತರೂ ತುಕ್ಕು ಹಿಡಿಯಬಾರದು ಅಂತ ಅದಕ್ಕೆ ದಪ್ಪ ಗ್ರೀಸ್ ಅಥವಾ ಎಣ್ಣೆ ಬಳಿದಿರುತ್ತಾರೆ. ಹೊರಗಿನದನ್ನು ನೀವು ಒರೆಸುತ್ತೀರಿ. ಬೋಲ್ಟ್ ಒಳಗೆ, ತೋಟಾಗೆ ಬಡಿಯುವ ಫೈರಿಂಗ್ ಪಿನ್ ಓಡಾಡುವ ದಾರಿಯಲ್ಲಿ ಕೂತಿದ್ದು ಹಾಗೇ ಉಳಿಯುತ್ತದೆ. ತಣ್ಣನೆ ಬೆಳಗ್ಗೆ ಅದು ಗಟ್ಟಿಯಾಗಿ ಪಿನ್ನಿನ ಓಟವನ್ನು ತಡೆಯುತ್ತದೆ. ಹೊಸ ರೈಫಲ್‌ನ ‘ಟಿಕ್’ ದೂರುಗಳಲ್ಲಿ ಬಹಳಷ್ಟು ಇಷ್ಟರಲ್ಲೇ ಮುಗಿದುಹೋಗುತ್ತವೆ.

ಬೋಲ್ಟ್ ಹೊರಗೆ ತೆಗೆಯಿರಿ. ಕೈಪಿಡಿಯಲ್ಲಿ ಬಿಚ್ಚುವ ಕ್ರಮ ಕೊಟ್ಟಿದ್ದರೆ ಮಾತ್ರ ಬಿಚ್ಚಿ. ಇಲ್ಲದಿದ್ದರೆ ಇಡೀ ಬೋಲ್ಟನ್ನು ಅಗಲ ಬಾಯಿಯ ಡಬ್ಬಿಯಲ್ಲಿ, ಬಣ್ಣದಂಗಡಿಯಲ್ಲಿ ಸಿಗುವ ಟರ್ಪೆಂಟೈನ್‌ನಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಅಲ್ಲಾಡಿಸಿ ಬಸಿಯಿರಿ. ಬಸಿದಿದ್ದು ಕಂದು ಬಣ್ಣಕ್ಕಿದ್ದರೆ ಇನ್ನೊಮ್ಮೆ. ಒಲೆ ಹತ್ತಿರ ಈ ಕೆಲಸ ಬೇಡ, ಕಿಟಕಿ ತೆಗೆದಿಟ್ಟುಕೊಳ್ಳಿ. ಚೆನ್ನಾಗಿ ಒಣಗಿದ ಮೇಲೆ ಹೊಲಿಗೆ ಮಿಷನ್ ಎಣ್ಣೆ ಒಂದೆರಡು ಹನಿ ಸಾಕು. ಬಟ್ಟೆಗೆ ಹಾಕಿ ಒರೆಸಿ. ಬೋಲ್ಟ್ ಒಳಗೆ ಸುರಿಯಬೇಡಿ.

ಎಣ್ಣೆ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುವ ಮಾತೊಂದಿದೆ. ಕೊಬ್ಬರಿ ಎಣ್ಣೆ ಬೇಡವೇ ಬೇಡ. ಮನೆಯಲ್ಲಿ ಕೈಗೆ ಸಿಗುತ್ತದೆ ಅಂತ ಹಾಕುವವರನ್ನು ಈಗಲೂ ನೋಡುತ್ತೇನೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯಲ್ಲಿ ವರ್ಷದ ಎಷ್ಟು ಬೆಳಗ್ಗೆಗಳು ಅದಕ್ಕಿಂತ ಬೆಚ್ಚಗಿರುತ್ತವೆ, ನೀವೇ ಹೇಳಿ. ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇಯನ್ನೂ ಬೋಲ್ಟ್ ಒಳಗೆ ಹೊಡೆಯಬೇಡಿ. ಒಣಗಿದ ಮೇಲೆ ಅಂಟು ಉಳಿಯಬಹುದು. ತೋಟಾದ ಮೇಲೆ ಬಿದ್ದರೆ ಒಳಗೆ ಇಳಿದು ಮದ್ದನ್ನೇ ಕೆಡಿಸಬಹುದು.

ನಳಿಗೆಯನ್ನು ಹಿಂದಿನಿಂದ, ಅಂದರೆ ಬೋಲ್ಟ್ ಕಡೆಯಿಂದ ಕ್ಲೀನ್ ಮಾಡಿ. ಸೇನೆಯ ಪುಲ್‌ಥ್ರೂ (ನಳಿಗೆಯೊಳಗೆ ಚಿಂದಿ ಎಳೆಯುವ ಹಗ್ಗ) ಮತ್ತು ಚಿಂದಿ ಅಭ್ಯಾಸ ಇದ್ದವರಿಗೆ ಅದೂ ಸಾಕು. ತೋಟಾ ಕೂರುವ ಚೇಂಬರನ್ನು ಬೇರೆಯಾಗಿ ನೋಡಿ. ಅಲ್ಲಿ ಎಣ್ಣೆಯ ಪಸೆಯೂ ಇರಬಾರದು. ಒಣ ಚಿಂದಿಯಿಂದ ಒರೆಸಿ ಬಿಡಿ.

ಹೊಡೆಯದ ತೋಟಾ ಓದುವುದು

ದೊಡ್ಡ ರೈಫಲ್‌ಗಳ ತೋಟಾದಲ್ಲಿ ಹಿಂಬದಿಯ ನಡುವೆ ಒಂದು ಚಿಕ್ಕ ಕ್ಯಾಪ್ ಇರುತ್ತದೆ. ಪಿನ್ ಅದಕ್ಕೆ ಹೊಡೆಯುತ್ತದೆ. .22ರಲ್ಲಿ ಅದಿಲ್ಲ. ಹಿಂಬದಿಯ ಅಂಚನ್ನು ಟೊಳ್ಳಾಗಿ ಮಡಚಿರುತ್ತಾರೆ, ಅದೇ ರಿಮ್. ಬೆಂಕಿ ಹತ್ತಿಸುವ ಮಸಾಲೆಯನ್ನು ಒದ್ದೆ ಇರುವಾಗಲೇ ತೋಟಾದ ತಳಕ್ಕೆ ಹಾಕಿ, ಅದು ರಿಮ್ಮಿನ ಒಳಗೆ ಸುತ್ತಲೂ ಹರಡುವಂತೆ ಜೋರಾಗಿ ತಿರುಗಿಸುತ್ತಾರೆ. ನಾವು ಹೊಡೆಯುವ ಮಾಮೂಲಿ .22, ಅಂದರೆ .22 ಲಾಂಗ್ ರೈಫಲ್ ತೋಟಾ, 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿಯಿಂದ ಬಂದಿದ್ದು. ಇವತ್ತಿಗೂ ತತ್ವ ಅದೇ. ಪಿನ್ ಬಂದು ರಿಮ್ಮನ್ನು ಚೇಂಬರಿನ ಅಂಚಿಗೆ ಒತ್ತಿ ಜಜ್ಜುತ್ತದೆ, ಮಸಾಲೆ ಸಿಡಿಯುತ್ತದೆ. ಸುತ್ತಿನಲ್ಲಿ ಒಂದು ಕಡೆ ಮಸಾಲೆ ತಲುಪದೆ ಉಳಿದಿದ್ದು, ಪಿನ್ ಸರಿಯಾಗಿ ಅಲ್ಲೇ ಬಿದ್ದರೆ ‘ಟಿಕ್’. ಹಾಗಾಗಿ ರಿಮ್‌ಫೈರ್‌ನಲ್ಲಿ ಒಳ್ಳೆಯ ಕೋವಿಯಲ್ಲೂ ಅಪರೂಪಕ್ಕೆ ಒಂದು ತೋಟಾ ಹೊಡೆಯದೇ ಇರಬಹುದು. ಪೆಟ್ಟಿಗೆಗೆ ಒಂದಾದರೆ ತಲೆ ಕೆಡಿಸಿಕೊಳ್ಳಬೇಡಿ. ಮ್ಯಾಗಜಿನ್‌ಗೆ ಒಂದಾದರೆ ಹುಡುಕಲೇಬೇಕು.

ಹುಡುಕುವುದು ಹೀಗೆ. ಹೊಡೆಯದ ತೋಟಾದ ಹಿಂಬದಿಯನ್ನು ಬೆಳಕಿಗೆ ಹಿಡಿದು ಪಿನ್ ಬಿದ್ದ ಗುರುತು ನೋಡಿ. ಪಕ್ಕದಲ್ಲಿ ಸರಿಯಾಗಿ ಹೊಡೆದ ಖಾಲಿ ತೋಟಾ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಎರಡರ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಇನ್ನೂ ಚೆನ್ನ.

ಎರಡರ ಗುರುತೂ ಒಂದೇ ಆಳ, ಒಂದೇ ಜಾಗದಲ್ಲಿದ್ದರೆ ಕೋವಿ ತನ್ನ ಕೆಲಸ ಮಾಡಿದೆ ಅಂತ ಅರ್ಥ. ಗುರುತಿನ ಪಕ್ಕ ಮಾರ್ಕರ್ ಪೆನ್‌ನಲ್ಲಿ ಚುಕ್ಕಿ ಇಡಿ. ಅದೇ ತೋಟಾವನ್ನು ಅರ್ಧ ಸುತ್ತು ತಿರುಗಿಸಿ, ಪಿನ್ ಬೇರೆ ಕಡೆ ಬೀಳುವ ಹಾಗೆ ಹಾಕಿ ಇನ್ನೊಮ್ಮೆ ಹೊಡೆಯಿರಿ. ಹೊಡೆದರೆ ತಪ್ಪು ತೋಟಾದ್ದು. ಆ ಪೆಟ್ಟಿಗೆಯ ಲಾಟ್ (ಒಟ್ಟಿಗೆ ತಯಾರಾದ ತಂಡ) ನಂಬರ್ ಬರೆದಿಟ್ಟುಕೊಂಡು ಬೇರೆ ಲಾಟ್ ತನ್ನಿ.

ಗುರುತು ತೆಳ್ಳಗೆ, ಗೀರಿದ ಹಾಗೆ ಇದ್ದರೆ ಪಿನ್ನಿಗೆ ಶಕ್ತಿ ಸಾಕಾಗಿಲ್ಲ, ಇಲ್ಲವೇ ಆ ಶಕ್ತಿ ಬೇರೆಲ್ಲೋ ಖರ್ಚಾಗಿದೆ. ಗುರುತು ಆಳವಾಗಿದ್ದೂ ರಿಮ್ ಬಿಟ್ಟು ಒಳಗಡೆಗೆ, ನಡುವಿನ ಕಡೆಗೆ ಬಿದ್ದಿದ್ದರೆ ಪಿನ್ ತಪ್ಪು ಜಾಗಕ್ಕೆ ಬರುತ್ತಿದೆ. ಮಸಾಲೆ ಇರುವುದು ಅಂಚಿನಲ್ಲಿ ಅಲ್ವಾ? ಇದು ಮನೆಯಲ್ಲಿ ಸರಿಮಾಡುವ ಕೆಲಸ ಅಲ್ಲ. ನೇರ ಅಂಗಡಿಗೆ.

ಇನ್ನೊಂದು ಬಗೆ ಇದೆ. ಮೊದಲ ಏಟಿಗೆ ಹೊಡೆಯುವುದಿಲ್ಲ. ಟ್ರಿಗರ್ ಮತ್ತೆ ಸಜ್ಜು ಮಾಡಿ, ತೋಟಾ ತಿರುಗಿಸದೆ ಹೊಡೆದರೆ ಹೊಡೆಯುತ್ತದೆ. ಇಂಥದ್ದರಲ್ಲಿ ನಾನು ಮೊದಲು ಚೇಂಬರ್ ನೋಡುತ್ತೇನೆ. .22 ಗುಂಡಿನ ಮೇಲೆ ಮೇಣ ಬಳಿದಿರುತ್ತಾರೆ. ಆ ಮೇಣ, ಸೀಸ, ಮಸಿ ಎಲ್ಲಾ ಸೇರಿ ಚೇಂಬರಿನಲ್ಲಿ ಕೂತರೆ ತೋಟಾ ಪೂರ್ತಿ ಒಳಗೆ ಹೋಗುವುದಿಲ್ಲ. ಮೊದಲ ಏಟು ಅದನ್ನು ಮುಂದಕ್ಕೆ ತಳ್ಳಿ ಕೂರಿಸುವುದರಲ್ಲೇ ಮುಗಿಯುತ್ತದೆ. ಎರಡನೇ ಏಟು ಜಜ್ಜುತ್ತದೆ. ಚೇಂಬರ್ ಕ್ಲೀನ್ ಇದ್ದೂ ಹೀಗಾದರೆ ಬೋಲ್ಟಿಗೂ ನಳಿಗೆಗೂ ನಡುವಿನ ಜಾಗ ಜಾಸ್ತಿ ಇರಬಹುದು. ರಿಮ್ಮಿನ ದಪ್ಪ ಹೆಚ್ಚುಕಮ್ಮಿ 1 ಮಿಲಿಮೀಟರ್, ಅದಕ್ಕೆ ಬಿಡುವ ಜಾಗವೂ ಅಷ್ಟೇ. ಕೂದಲೆಳೆಯಷ್ಟು ಹೆಚ್ಚಾದರೂ ಏಟು ಮೆತ್ತಗಾಗುತ್ತದೆ. ಅದನ್ನು ಅಳೆಯುವ ಗೇಜ್ ಗನ್‌ಸ್ಮಿತ್ ಹತ್ತಿರ ಇರುತ್ತದೆ.

ಮರ ಉಬ್ಬಿದ ಕಥೆ

ತೆಳ್ಳನೆ ಗುರುತಿನ ಬಗ್ಗೆ ನನ್ನ ಅಣ್ಣನ ಮಗಳ ರೈಫಲ್ ವಿಷಯ ಹೇಳಲೇಬೇಕು. ಮಳೆಗಾಲದ ಸಮಸ್ಯೆ ಎಷ್ಟು ಚೆನ್ನಾಗಿ ಅಡಗಿಕೊಳ್ಳುತ್ತದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಮೈಸೂರಿನಿಂದ ತಂದ ಹೊಸ ಬೋಲ್ಟ್ ಆ್ಯಕ್ಷನ್. ಏಪ್ರಿಲ್‌ನಲ್ಲಿ ಹೊಡೆದಾಗ ಒಂದೂ ತಪ್ಪಲಿಲ್ಲ. ಜುಲೈನಲ್ಲಿ ಬಂದು, “ಚಿಕ್ಕಪ್ಪಾ, ಐದಕ್ಕೆ ಒಂದೋ ಎರಡೋ ಹೊಡೆಯೋದೇ ಇಲ್ಲ. ಸ್ಪ್ರಿಂಗ್ ಹೋಗಿದೆಯಂತೆ, ಬದಲಾಯಿಸ್ಲಾ?” ಅಂತ ಕೇಳಿದಳು.

ಹೊಡೆಯದ ತೋಟಾಗಳನ್ನು ಅವಳು ಎಸೆದಿರಲಿಲ್ಲ, ಪುಣ್ಯಕ್ಕೆ. ಎಲ್ಲದರ ಮೇಲೂ ಗುರುತು ತೆಳ್ಳಗಿತ್ತು. ಬೋಲ್ಟ್ ತೊಳೆದಾಗಿತ್ತು, ಚೇಂಬರ್ ಒಣಗಿತ್ತು. ಅವಳನ್ನೇ ಮಲಗಿಸಿ ಹೊಡೆಯಲು ಹೇಳಿ, ಪಕ್ಕದಲ್ಲಿ ಕೂತು ಬೋಲ್ಟ್ ಹಿಡಿಯನ್ನೇ ನೋಡಿದೆ. ಹಿಡಿ ಕೆಳಗೆ ಬರುತ್ತಿತ್ತು, ಆದರೆ ಟ್ರಿಗರ್ ಎಳೆದ ಕ್ಷಣ ಇನ್ನಷ್ಟು ಕೆಳಗೆ ಜಗ್ಗುತ್ತಿತ್ತು. ಅಂದರೆ ಬೋಲ್ಟ್ ಪೂರ್ತಿ ಮುಚ್ಚಿರಲಿಲ್ಲ. ಪಿನ್ನಿನ ಶಕ್ತಿಯಲ್ಲಿ ಒಂದು ಪಾಲು ಬೋಲ್ಟನ್ನು ತಿರುಗಿಸಿ ಮುಚ್ಚುವುದಕ್ಕೇ ಹೋಗುತ್ತಿತ್ತು.

ಬೋಲ್ಟ್ ಹಿಡಿ ಬಂದು ಕೂರಲು ಮರದ ಸ್ಟಾಕ್‌ನಲ್ಲಿ ಒಂದು ಕಚ್ಚು ಕೊರೆದಿರುತ್ತಾರೆ. ಹಿಡಿಗೂ ಆ ಕಚ್ಚಿನ ತಳಕ್ಕೂ ನಡುವೆ ಒಂದು ಕಾಗದದ ಚೂರು ತೂರಿಸಲು ನೋಡಿದೆ. ಹೋಗಲಿಲ್ಲ. ಹಿಡಿ ಮರದ ಮೇಲೆ ಕೂತುಬಿಟ್ಟಿತ್ತು. ಕೊಡಗಿನ ಜೂನ್–ಜುಲೈ ತೇವಕ್ಕೆ ಮರ ಉಬ್ಬಿತ್ತು. ಕಚ್ಚಿನ ಒಳಗೆ ಪಾಲಿಶ್ ಹಾಕಿರಲಿಲ್ಲ, ಹಸಿ ಮರ ಹಾಗೇ ಕಾಣುತ್ತಿತ್ತು. ಮೈಸೂರಿನ ಒಣ ಹವೆಯಲ್ಲಿ ಹಿಡಿಸುತ್ತಿದ್ದದ್ದು ಇಲ್ಲಿ ಹಿಡಿಸಲಿಲ್ಲ. ಲೈಸೆನ್ಸ್ ಇರುವ ಗನ್‌ಸ್ಮಿತ್ ಕಚ್ಚಿನಿಂದ ಸಿಪ್ಪೆಯಷ್ಟು ಮರ ಕೆತ್ತಿ, ಒಳಗೆ ವಾರ್ನಿಶ್ ಬಳಿದು ಕೊಟ್ಟರು. ಸ್ಪ್ರಿಂಗ್ ಮುಟ್ಟಲೇ ಇಲ್ಲ. ಆಮೇಲೆ ಗುರುತುಗಳು ಎಲ್ಲಾ ಒಂದೇ ಆಳಕ್ಕೆ ಬಂದವು.

ನೀವೂ ಈ ಕಾಗದದ ಪರೀಕ್ಷೆ ಮಾಡಿ. ರೈಫಲ್ ಖಾಲಿ ಮಾಡಿ, ಬೋಲ್ಟ್ ಮುಚ್ಚಿ, ಹಿಡಿಯ ಕೆಳಗೆ ಕಾಗದ ಎಳೆದು ನೋಡಿ. ಸಲೀಸಾಗಿ ಬರಬೇಕು. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ನೋಡಿ.

ಖಾಲಿ ತೋಟಾ ಹೊರಗೆ ಬಾರದಿದ್ದರೆ

ಮೊದಲು ಕೈಯ ಅಭ್ಯಾಸ ನೋಡಿ. ಹೊಸಬರು ಹೊಸ ಕೋವಿ ಅಂತ ಬೋಲ್ಟನ್ನು ಮೆಲ್ಲಗೆ, ಅರ್ಧಕ್ಕೆ ಎಳೆಯುತ್ತಾರೆ. ಖಾಲಿ ತೋಟಾವನ್ನು ಹೊರಗೆ ಚಿಮ್ಮಿಸುವ ಎಜೆಕ್ಟರ್ ಬೋಲ್ಟ್ ಪೂರ್ತಿ ಹಿಂದೆ ಬಂದಾಗಲೇ ತಾಗುವುದು. ಧೈರ್ಯವಾಗಿ, ಕೊನೆಯವರೆಗೆ ಎಳೆಯಿರಿ.

ಹಾಗೆ ಮಾಡಿದರೂ ತೋಟಾ ಚೇಂಬರಿನಲ್ಲೇ ಉಳಿದರೆ ಎಕ್ಸ್‌ಟ್ರಾಕ್ಟರ್ ನೋಡಿ. ಬೋಲ್ಟ್ ಮುಂದಿನ ಚಿಕ್ಕ ಕೊಕ್ಕೆ ಅದು. ಅದರ ಹಿಂದೆ ಮೇಣ, ಹಿತ್ತಾಳೆ ಪುಡಿ ತುಂಬಿದರೆ ಕೊಕ್ಕೆ ರಿಮ್ಮನ್ನು ಕಚ್ಚುವುದಿಲ್ಲ. ಹಲ್ಲುಕಡ್ಡಿಯಿಂದ ಕೆರೆದು ತೆಗೆಯಿರಿ, ಸೂಜಿ ಬೇಡ. ಆಮೇಲೆ ಬೋಲ್ಟ್ ಕೈಯಲ್ಲಿ ಹಿಡಿದು ಖಾಲಿ ತೋಟಾದ ರಿಮ್ಮನ್ನು ಕೊಕ್ಕೆಯ ಕೆಳಗೆ ಸೇರಿಸಿ ಬಿಡಿ. ಬೀಳದೆ ನಿಂತರೆ ಕೊಕ್ಕೆ ಚೆನ್ನಾಗಿದೆ. ಬಿದ್ದರೆ ಕೊಕ್ಕೆಯ ತುದಿ ಸವೆದಿದೆ ಅಥವಾ ಅದರ ಸ್ಪ್ರಿಂಗ್ ಸಡಿಲ. ಹೊಸದರಲ್ಲಿ ಇದು ಅಂಗಡಿಯವರು ಬದಲಾಯಿಸಿ ಕೊಡಬೇಕಾದ ಭಾಗ.

ಕೊಕ್ಕೆ ಚೆನ್ನಾಗಿದ್ದೂ ತೋಟಾ ಅಂಟಿಕೊಂಡರೆ ಕಣ್ಣು ಚೇಂಬರಿನ ಬಾಯಿಗೆ ಹೋಗಬೇಕು. ಖಾಲಿ ತೋಟಾದ ಮೈ ಮೇಲೆ ಉದ್ದಕ್ಕೆ ಗೀರು ಬಿದ್ದಿದೆಯಾ? ಪ್ರತಿ ತೋಟಾದಲ್ಲೂ ಅದೇ ಜಾಗದಲ್ಲಾ? ಹಾಗಿದ್ದರೆ ಚೇಂಬರಿನ ಅಂಚಿನಲ್ಲಿ ಏಣು ಎದ್ದಿದೆ. ಖಾಲಿ ರೈಫಲ್‌ನ ಟ್ರಿಗರನ್ನು ಸುಮ್ನೆ ಮತ್ತೆ ಮತ್ತೆ ಎಳೆದರೆ ಹೀಗಾಗುವ ಸಂಭವ ಇದೆ. ತೋಟಾ ಇಲ್ಲದಾಗ ಪಿನ್ ನೇರ ನಳಿಗೆಯ ಅಂಚಿಗೇ ಬಡಿಯುತ್ತದೆ, ಅಲ್ಲಿನ ಉಕ್ಕು ಒಳಕ್ಕೆ ಉಬ್ಬುತ್ತದೆ. ಎಲ್ಲಾ ರೈಫಲ್‌ಗಳಲ್ಲೂ ಆಗುವುದಿಲ್ಲ, ಕೈಪಿಡಿ ನೋಡಿ. ಅಭ್ಯಾಸಕ್ಕೆ ಡಮ್ಮಿ ತೋಟಾ ಬಳಸಿ. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಕೋವಿಯನ್ನು ಬಂದವರೆಲ್ಲಾ ಎಳೆದು ನೋಡಿರುತ್ತಾರೆ. ಕೊಳ್ಳುವಾಗಲೇ ಆ ಅಂಚನ್ನು ಟಾರ್ಚ್ ಹಾಕಿ ನೋಡುವುದು ಒಳ್ಳೆಯದು. ಏಣು ಎದ್ದಿದ್ದರೆ ಅರ ಹಿಡಿದು ಉಜ್ಜಬೇಡಿ. ಅದನ್ನು ಸರಿಮಾಡಲು ಬೇರೆಯದೇ ಉಪಕರಣ ಇದೆ, ಗನ್‌ಸ್ಮಿತ್ ನಿಮಿಷದಲ್ಲಿ ಮಾಡುತ್ತಾರೆ.

.22 ಶಾರ್ಟ್ ತೋಟಾವನ್ನು ಲಾಂಗ್ ರೈಫಲ್ ಚೇಂಬರಿನಲ್ಲಿ ಹೊಡೆದಿದ್ದರೂ ಇದೇ ತೊಂದರೆ. ಶಾರ್ಟ್‌ನ ಮೈ ಗಿಡ್ಡ. ಅದರ ಮುಂದೆ ಮಸಿಯ ಉಂಗುರ ಕೂರುತ್ತದೆ, ಆಮೇಲೆ ಹಾಕಿದ ಉದ್ದದ ತೋಟಾ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಬ್ರಶ್ ಹಾಕಿ ಉಜ್ಜಿದರೆ ಹೋಗುತ್ತದೆ.

ಸ್ಪರ್ಧೆಗೆ ಅಂತಲೇ ಮಾಡಿದ ರೈಫಲ್‌ಗಳ ಚೇಂಬರ್ ಬಿಗಿ ಇರುತ್ತದೆ. ತೋಟಾ ಹಾಕಿದಾಗ ಗುಂಡಿನ ಮೂತಿ ನಳಿಗೆಯ ಗೆರೆಗಳಿಗೆ ಕಚ್ಚಿಕೊಳ್ಳುತ್ತದೆ. ಕೊನೆಯಲ್ಲಿ ಸ್ವಲ್ಪ ಒತ್ತಬೇಕಾಗುವುದು ಅದಕ್ಕೇ, ತಪ್ಪಲ್ಲ. ಆದರೆ ಹೊಡೆಯದೆ ತೋಟಾ ಹೊರಗೆ ಎಳೆದರೆ ಗುಂಡು ನಳಿಗೆಯಲ್ಲೇ ಉಳಿದು, ಮದ್ದು ಮ್ಯಾಗಜಿನ್ ಮೇಲೆಲ್ಲಾ ಚೆಲ್ಲಬಹುದು. ಹಾಗಾದಾಗ ರಾಡ್ ಹಾಕಿ ಗುಂಡು ತೆಗೆಯುವವರೆಗೆ ಇನ್ನೊಂದು ತೋಟಾ ಹಾಕಲೇಬಾರದು. ಪೂರ್ತಿ ತೋಟಾವೇ ಒಳಗೆ ಸಿಕ್ಕಿಕೊಂಡು ಬೋಲ್ಟ್ ಬಿಡದಿದ್ದರೆ ರಾಡ್ ಹಾಕಿ ಕುಟ್ಟಬೇಡಿ. ರೇಂಜ್ ಅಧಿಕಾರಿಯನ್ನು ಕರೆಯಿರಿ.

ಮ್ಯಾಗಜಿನ್

ಇಲ್ಲಿ ಹುಡುಕುವುದು ಸುಲಭ. ಒಂದೊಂದೇ ತೋಟಾವನ್ನು ಕೈಯಿಂದ ಚೇಂಬರಿಗೆ ಹಾಕಿ ಹೊಡೆಯಿರಿ. ಎಲ್ಲಾ ಸರಿಯಾಗಿ ಹೋದರೆ ಬೋಲ್ಟ್, ಚೇಂಬರ್, ತೋಟಾ ಮೂರೂ ಚೆನ್ನಾಗಿವೆ. ತಪ್ಪು ಮ್ಯಾಗಜಿನ್‌ನದ್ದು ಅಥವಾ ಅದು ಕೂರುವ ರೀತಿಯದ್ದು.

ಎರಡು ಮ್ಯಾಗಜಿನ್ ಇದ್ದರೆ ತಳದಲ್ಲಿ 1, 2 ಅಂತ ಬರೆಯಿರಿ. ತೊಂದರೆ ಯಾವಾಗಲೂ 2ರಲ್ಲೇ ಅಂತ ಆದರೆ ಮುಗಿಯಿತು. ತುಂಬುವಾಗ ಮೇಲಿನ ತೋಟಾದ ರಿಮ್ ಕೆಳಗಿನ ತೋಟಾದ ರಿಮ್ಮಿಗಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ ಎರಡೂ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ, ಬೋಲ್ಟ್ ತಳ್ಳಿದರೆ ಮೂತಿ ಕೆಳಗೆ ಮಾಡಿ ನಿಲ್ಲುತ್ತವೆ. ಗುಂಡಿನ ಮೂತಿ ನೋಡಿದರೂ ಗೊತ್ತಾಗುತ್ತದೆ: ಕೆಳಭಾಗ ಜಜ್ಜಿದ್ದರೆ ಮ್ಯಾಗಜಿನ್ ತಗ್ಗಾಗಿ ಕೂತಿದೆ, ಮೇಲ್ಭಾಗ ಸೀಳಿದ್ದರೆ ಎತ್ತರಕ್ಕೆ ಕೂತಿದೆ ಅಥವಾ ಅದರ ತುಟಿ, ಅಂದರೆ ತೋಟಾ ಹಿಡಿದಿಡುವ ಮೇಲಿನ ಅಂಚು, ಅಗಲವಾಗಿದೆ. ತುಟಿಯನ್ನು ಇಕ್ಕಳ ಹಿಡಿದು ಬಗ್ಗಿಸುವವರು ಒಂದು ಸರಿಮಾಡಿ ಎರಡು ಕೆಡಿಸುತ್ತಾರೆ. ಹೊಸ ಮ್ಯಾಗಜಿನ್ ಕೇಳಿ ತೆಗೆದುಕೊಳ್ಳಿ.

ಮ್ಯಾಗಜಿನ್ ತಗ್ಗಾಗಿ ಕೂರಲು ಸ್ಟಾಕ್‌ನ ಸ್ಕ್ರೂಗಳೂ ಕಾರಣ ಆಗಬಹುದು. ಕೆಲವು ರೈಫಲ್‌ಗಳಲ್ಲಿ ಮ್ಯಾಗಜಿನ್ ಹಿಡಿಯುವ ತಗಡು ಮರಕ್ಕೇ ಸೇರಿರುತ್ತದೆ. ಸ್ಕ್ರೂ ಸಡಿಲವಾದರೆ ತಗಡು ಕೆಳಗೆ ಇಳಿಯುತ್ತದೆ. ಮರ ಉಬ್ಬಿ ಇಳಿದಾಗ ಸ್ಕ್ರೂ ತಾನಾಗೇ ಸಡಿಲವಾಗುತ್ತದೆ. ಬೆರಳ ಬಲದಲ್ಲಿ ಗಟ್ಟಿ ಮಾಡಿ, ಮೊಣಕೈ ಬಲದಲ್ಲಿ ಬೇಡ.

ಟೆಲಿಸ್ಕೋಪ್ ಕೂರಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಅದನ್ನೇ ಮೊದಲು ಬಿಚ್ಚಿ ನೋಡಿ. ಮೌಂಟ್‌ನ ಸ್ಕ್ರೂ ಒಂದು ಎಳೆ ಉದ್ದವಿದ್ದರೂ ಒಳಗೆ ಚಾಚಿ ಬೋಲ್ಟಿಗೆ ತಾಗುತ್ತದೆ. ಬೋಲ್ಟ್ ಮೇಲೆ ಹೊಳೆಯುವ ಹೊಸ ಗೀರು ಕಂಡರೆ ಅದೇ.

ಅಮೆರಿಕ, ಕೆನಡಾದಲ್ಲಿರುವವರಿಗೆ ಒಂದು ಮಾತು

ಅಲ್ಲಿ ಸೆಮಿ ಆಟೋಮ್ಯಾಟಿಕ್ .22 ಸಾಮಾನ್ಯ. ಅದರ ಬೋಲ್ಟನ್ನು ಹಿಂದಕ್ಕೆ ತಳ್ಳುವುದು ನಿಮ್ಮ ಕೈ ಅಲ್ಲ, ತೋಟಾದ ಶಕ್ತಿ. ಸ್ಪರ್ಧೆಗೆ ಬಳಸುವ ಸ್ಟ್ಯಾಂಡರ್ಡ್ ತೋಟಾ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ಗುಂಡನ್ನು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಬಿಡುತ್ತದೆ. ಹೈ ವೆಲಾಸಿಟಿ ತೋಟಾದಲ್ಲಿ ಆ ವೇಗ 380ರ ಆಸುಪಾಸು. ಹೊಸ ರೈಫಲ್‌ನ ಸ್ಪ್ರಿಂಗ್ ಬಿಗಿ ಇರುವಾಗ ಸ್ಟ್ಯಾಂಡರ್ಡ್ ತೋಟಾ ಬೋಲ್ಟನ್ನು ಪೂರ್ತಿ ಹಿಂದೆ ತಳ್ಳದೆ, ಖಾಲಿ ತೋಟಾ ಬಾಯಿಯಲ್ಲೇ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ. ಮೊದಲ ಕೆಲವು ಪೆಟ್ಟಿಗೆ ಹೈ ವೆಲಾಸಿಟಿ ಹೊಡೆದು ನೋಡಿ. ನಮ್ಮ ಬೋಲ್ಟ್ ಆ್ಯಕ್ಷನ್‌ಗೆ ಈ ಚಿಂತೆ ಇಲ್ಲ.

ಮಳೆಗಾಲದಲ್ಲಿ ಇಡುವುದು

ಅಂಗಡಿಯಿಂದ ಬಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ರೆಕ್ಸಿನ್ ಚೀಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೈಫಲ್ ಮುಚ್ಚಿಡಬೇಡಿ. ತೇವ ಒಳಗೇ ನಿಲ್ಲುತ್ತದೆ. ಬೀಗ ಹಾಕಿದ ಸ್ಟೀಲ್ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಇಡಿ, ಅದನ್ನು ಆಗಾಗ ಬಿಸಿ ಮಾಡಿ ಒಣಗಿಸಿ. ವಾರಕ್ಕೊಮ್ಮೆ ತೆಗೆದು ಎಣ್ಣೆ ಬಟ್ಟೆಯಲ್ಲಿ ಒರೆಸಿ. ತೋಟಾ ಬೇರೆ ಕಡೆ, ಗಾಳಿಯಾಡದ ಡಬ್ಬಿಯಲ್ಲಿ. ಹಿತ್ತಾಳೆಗೆ ಹಸಿರು ಪಾಚಿಯಂಥ ಬಣ್ಣ ಬಂದಿದ್ದರೆ ಆ ತೋಟಾವನ್ನು ಪರೀಕ್ಷೆಗೆ ಬಳಸಬೇಡಿ. ಅದು ಕೊಡುವ ಉತ್ತರ ನಂಬುವಂಥದ್ದಲ್ಲ. ಹೊಡೆಯುವ ದಿನ ನಳಿಗೆ ಮತ್ತು ಚೇಂಬರಿನ ಎಣ್ಣೆಯನ್ನು ಒಣ ಚಿಂದಿಯಿಂದ ಪೂರ್ತಿ ತೆಗೆದೇ ಮೊದಲ ತೋಟಾ ಹಾಕಿ.

ಅಂಗಡಿಗೆ ಹೋಗುವುದಾದರೆ

ಇಷ್ಟೆಲ್ಲಾ ನೋಡಿದ ಮೇಲೂ ತೊಂದರೆ ಉಳಿದರೆ ಅದು ನಿಜವಾಗಿ ಕೋವಿಯ ತಪ್ಪು. ಹೊಸದು ಅಂದ ಮೇಲೆ ಸರಿಮಾಡಿಸಿಕೊಳ್ಳುವುದು ನಿಮ್ಮ ಹಕ್ಕು. ನೀವೇ ಉಜ್ಜಿ, ಬಗ್ಗಿಸಿ, ಸ್ಪ್ರಿಂಗ್ ಕತ್ತರಿಸಿ ಹೋದರೆ ಆ ಹಕ್ಕು ಹೋಗುತ್ತದೆ. ಟ್ರಿಗರ್, ಬೋಲ್ಟ್, ನಳಿಗೆ ಈ ಮೂರಕ್ಕೂ ಲೈಸೆನ್ಸ್ ಇರುವ ಗನ್‌ಸ್ಮಿತ್ ಮಾತ್ರ ಕೈ ಹಾಕಬೇಕು.

ಬಿಲ್, ಲೈಸೆನ್ಸ್ ಜೊತೆಗೆ ಖಾಲಿ ತೋಟಾಗಳನ್ನೂ, ಹೊಡೆಯದ ತೋಟಾಗಳ ಫೋಟೋಗಳನ್ನೂ ತೆಗೆದುಕೊಂಡು ಹೋಗಿ. “ಸರಿ ಇಲ್ಲ” ಅಂತ ಹೇಳಿದರೆ ಅಂಗಡಿಯವರು ಒಂದು ಎಣ್ಣೆ ಹನಿ ಹಾಕಿ ವಾಪಸ್ ಕಳಿಸುತ್ತಾರೆ. “ಎರಡು ಲಾಟ್ ತೋಟಾದಲ್ಲೂ ಗುರುತು ತೆಳ್ಳಗಿದೆ, ಬೋಲ್ಟ್ ತೊಳೆದಿದ್ದೇನೆ, ಹಿಡಿ ಪೂರ್ತಿ ಕೂರುತ್ತೆ, ಕೈಯಿಂದ ಹಾಕಿದರೂ ಹೀಗೇ” ಅಂತ ಕಾಗದದಲ್ಲಿ ಬರೆದುಕೊಟ್ಟು ಸಹಿ ಹಾಕಿಸಿಕೊಳ್ಳಿ. ರೈಫಲ್ ಅಲ್ಲೇ ಬಿಡುವುದಾದರೆ ಅದರ ನಂಬರ್ ಇರುವ ರಸೀದಿ ಇಲ್ಲದೆ ಹೊರಗೆ ಕಾಲಿಡಬೇಡಿ. ವಾಪಸ್ ಬಂದ ಮೇಲೆ ಹೊಸ ತೋಟಾ ಹುಡುಕಬೇಡಿ. ಮೊದಲು ತೊಂದರೆ ಕೊಟ್ಟ ಅದೇ ಪೆಟ್ಟಿಗೆಯಲ್ಲಿ ಒಂದಷ್ಟು ಉಳಿಸಿಟ್ಟುಕೊಂಡು ಅದರಲ್ಲೇ ಹೊಡೆದು, ಗುರುತುಗಳನ್ನು ಹಳೆಯ ಫೋಟೋಗಳ ಪಕ್ಕ ಇಟ್ಟು ನೋಡಿ.